ಈಮ್‌ಗೆ ಹೋಗುವವರು ಬರೀ ಚರ್ಚ್ ನೋಡಿ ಹೊರಡಬೇಡಿ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವೆ ಈಮ್ ಅಂತ ಒಂದು ಸಣ್ಣ ಹಳ್ಳಿ ಇದೆ. 1665ರಲ್ಲಿ ಇಲ್ಲಿಗೆ ಪ್ಲೇಗ್ ಬಂತು. ಮರುವರ್ಷ ಅದು ಜೋರಾದಾಗ, ಪಕ್ಕದ ಊರುಗಳಿಗೆ ಹರಡಬಾರದು ಅಂತ ಊರಿನವರು ತಾವಾಗಿಯೇ ಗಡಿ ಹಾಕಿಕೊಂಡು ಒಳಗೇ ಉಳಿದರು. ಸುಮಾರು 260 ಜನ ಸತ್ತರು. ಚಾಟ್ಸ್‌ವರ್ತ್ ಅರಮನೆ ನೋಡಲು ಬರುವವರು ಹಾದಿಯಲ್ಲಿ ಅರ್ಧ ಗಂಟೆ ಇಲ್ಲಿ ನಿಂತು, ಚರ್ಚ್ ಮುಂದೆ ಫೋಟೋ ತೆಗೆದು ಹೊರಡುವುದೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕನಿಷ್ಠ ಐದು ಗಂಟೆ ಇಟ್ಟುಕೊಳ್ಳಿ, ನಡೆಯುವ ಶೂ ಹಾಕಿಕೊಳ್ಳಿ. ಊರಿನ ಹೊರಗೂ ನಡೆದು ನೋಡಿದರೆ ಮಾತ್ರ ಇಲ್ಲಿ ಏನು ನಡೆಯಿತು ಅಂತ ಮನಸ್ಸಿಗೆ ಇಳಿಯುತ್ತದೆ.

ಶೆಫೀಲ್ಡ್‌ನಿಂದ ಬಸ್ ಇದೆ. ಭಾನುವಾರ ಬರುವುದಾದರೆ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ರೈಲಿನಲ್ಲಿ ಬರುವವರು ಶೆಫೀಲ್ಡ್–ಮ್ಯಾಂಚೆಸ್ಟರ್ ದಾರಿಯ ಗ್ರಿಂಡಲ್‌ಫರ್ಡ್‌ನಲ್ಲಿ ಇಳಿದು ನಡೆಯಬಹುದು, ಆದರೆ ಏರು ದಾರಿ, ಮಕ್ಕಳಿದ್ದರೆ ಬೇಡ. ಕಾರಿನವರಿಗೆ ಹಾಕ್‌ಹಿಲ್ ರಸ್ತೆಯಲ್ಲಿ, ಮ್ಯೂಸಿಯಂ ಎದುರಿಗೇ ಪಾರ್ಕಿಂಗ್ ಇದೆ.

ಮೊದಲು ಮ್ಯೂಸಿಯಂಗೇ ಹೋಗಿ. ಚಿಕ್ಕದು, ಆದರೆ ಯಾವ ಮನೆಯಲ್ಲಿ ಯಾರು ಯಾವಾಗ ಸತ್ತರು ಅನ್ನುವುದು ಅಲ್ಲಿ ತಲೆಗೆ ಹೋದರೆ ಮುಂದಿನದೆಲ್ಲ ಸುಲಭ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಾಗಾಗಿ ವಸಂತದಿಂದ ಅಕ್ಟೋಬರ್ ಒಳಗೆ ಬರುವುದು ಒಳ್ಳೆಯದು. ಹೊರಡುವ ಮುಂಚೆ ಯಾವ ದಿನ ತೆರೆದಿರುತ್ತದೆ ಅಂತಲೂ ನೋಡಿಕೊಳ್ಳಿ.

ಅಲ್ಲಿಂದ ಮುಖ್ಯ ಬೀದಿಗೆ ಬಂದರೆ ಚರ್ಚ್ ಪಕ್ಕದಲ್ಲೇ ಸಾಲು ಕಲ್ಲಿನ ಮನೆಗಳಿವೆ. ಅವುಗಳಲ್ಲೊಂದು ಟೈಲರ್ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್‌ನ ಮನೆ. ಲಂಡನ್‌ನಿಂದ ಅವನಿಗೆ ಬಂದ ಬಟ್ಟೆ ಒದ್ದೆಯಾಗಿತ್ತಂತೆ. ಅದನ್ನು ಬಿಚ್ಚಿ ಬೆಂಕಿಯ ಹತ್ತಿರ ಒಣಹಾಕಿದ್ದು ಅಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್. ಬಟ್ಟೆಯಲ್ಲಿದ್ದ ಚಿಗಟಗಳಿಂದ ರೋಗ ಬಂತು ಅಂತ ಹೇಳುತ್ತಾರೆ. 1665ರ ಸೆಪ್ಟೆಂಬರ್ 7ರಂದು ಅವನ ಸಮಾಧಿಯಾಯಿತು, ಊರಿನಲ್ಲಿ ಮೊದಲ ಸಾವು ಅವನದೇ. ಈ ಮನೆಗಳ ಮುಂದೆ ಸತ್ತವರ ಹೆಸರಿನ ಹಸಿರು ಫಲಕಗಳಿವೆ. ನಿಂತು ಪೂರ್ತಿ ಓದಿ. ಆದರೆ ಇವತ್ತಿಗೂ ಅಲ್ಲಿ ಜನ ವಾಸವಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ.

ಸೇಂಟ್ ಲಾರೆನ್ಸ್ ಚರ್ಚ್‌ಗೆ ನಿಧಾನವಾಗಿ ಹೋಗಿ. ಅಂಗಳದಲ್ಲಿ ಸುಮಾರು 1,200 ವರ್ಷ ಹಳೆಯ ಕೆತ್ತನೆಯ ಕಲ್ಲಿನ ಶಿಲುಬೆ ನಿಂತಿದೆ, ಅಂದರೆ ಈಗಿನ ಚರ್ಚ್ ಕಟ್ಟಡಕ್ಕಿಂತಲೂ ಹಳೆಯದು. ಗೋಡೆಯ ಮೇಲೆ 1775ರ ಸೂರ್ಯ ಗಡಿಯಾರ ಇದೆ. ಒಳಗೆ ಸತ್ತವರ ಹೆಸರು ಬರೆದ ಪಟ್ಟಿ ಇದೆ, ಪ್ಲೇಗಿನ ಕಥೆ ಹೇಳುವ 1985ರ ಬಣ್ಣದ ಗಾಜಿನ ಕಿಟಕಿಯೂ ಇದೆ. ಕ್ರಿಕೆಟ್ ಇಷ್ಟ ಇರುವವರು ಅಂಗಳದಲ್ಲಿ ಡರ್ಬಿಶೈರ್ ಆಟಗಾರ, ಅಂಪೈರ್ ಹ್ಯಾರಿ ಬ್ಯಾಗ್‌ಶಾ ಸಮಾಧಿ ಹುಡುಕಿ, ಕಲ್ಲಿನ ಮೇಲೆ ಬಿದ್ದ ವಿಕೆಟ್ಟು, ಔಟ್ ಅಂತ ಎತ್ತಿದ ಬೆರಳು ಕೆತ್ತಿದ್ದಾರೆ.

ಗಡಿ ಹಾಕುವ ತೀರ್ಮಾನ ಒಬ್ಬರದಲ್ಲ. ವಿಲಿಯಂ ಮೊಂಪೆಸನ್ ಆಗ ಹೊಸದಾಗಿ ಬಂದಿದ್ದ ಪಾದ್ರಿ, ಇನ್ನೂ ಯುವಕ, ಊರಿಗೆ ಅವನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ, ಹೊಸ ಧಾರ್ಮಿಕ ಕಾನೂನಿಗೆ ಒಪ್ಪದೆ ಹುದ್ದೆ ಕಳೆದುಕೊಂಡವನು, ಜನ ಕೇಳುತ್ತಿದ್ದುದು ಅವನ ಮಾತನ್ನು. ಇಬ್ಬರೂ ವಿಚಾರದಲ್ಲಿ ಎದುರು ಬದುರು. ಆದರೂ 1666ರ ಜೂನ್‌ನಲ್ಲಿ ಒಟ್ಟಿಗೆ ನಿಂತು ಜನರನ್ನು ಒಪ್ಪಿಸಿದರು. ಊರು ಬಿಟ್ಟು ಯಾರೂ ಹೋಗಬಾರದು, ಪ್ರಾರ್ಥನೆ ಚರ್ಚಿನ ಬದಲು ಕಕ್ಲೆಟ್ ಡೆಲ್ಫ್ ಅನ್ನುವ ಬಯಲಲ್ಲಿ, ಸತ್ತವರನ್ನು ಅವರವರ ಮನೆಯವರೇ ಹೂಳಬೇಕು. ನನಗೆ ಈ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಆ ಇಬ್ಬರು ಒಂದಾಗಿದ್ದು. ಮೊಂಪೆಸನ್ ತನ್ನ ಮಕ್ಕಳನ್ನು ಮೊದಲೇ ಯಾರ್ಕ್‌ಶೈರ್‌ಗೆ ಕಳಿಸಿದ್ದ, ಹೆಂಡತಿ ಕ್ಯಾಥರಿನ್ ಮಾತ್ರ ಗಂಡನ ಜೊತೆ ಉಳಿದಳು. ಆಗಸ್ಟ್‌ನಲ್ಲಿ ಅವಳೂ ತೀರಿಕೊಂಡಳು. ಅವಳ ಸಮಾಧಿ ಚರ್ಚ್ ಅಂಗಳದಲ್ಲೇ ಇದೆ.

ಹಾಗೆ ಮನೆಯವರೇ ಹೂತ ಸಮಾಧಿಗಳನ್ನು ನೋಡಬೇಕಾದರೆ ಊರಿನ ಪೂರ್ವಕ್ಕೆ ನಡೆಯಿರಿ. ಸುಮಾರು ಒಂದು ಕಿಲೋಮೀಟರ್ ಹೋದರೆ ಹೊಲದ ನಡುವೆ ಸಣ್ಣ ಕಲ್ಲಿನ ಪೌಳಿ ಸಿಗುತ್ತದೆ, ರೈಲಿ ಗ್ರೇವ್ಸ್ ಅಂತ ಕರೆಯುತ್ತಾರೆ. 1666ರ ಆಗಸ್ಟ್‌ನಲ್ಲಿ ಎಂಟೇ ದಿನದಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಇಲ್ಲಿ ಹೂತಳು. ಸಹಾಯಕ್ಕೆ ಬರುವ ಹಾಗೇ ಇರಲಿಲ್ಲ ಯಾರೂ. ಮ್ಯೂಸಿಯಂನಲ್ಲಿ ಇದನ್ನು ಓದುವುದು ಬೇರೆ, ಆ ಏರು ಹತ್ತಿ ಬಂದು ಆ ಹೆಸರುಗಳ ಮುಂದೆ ನಿಲ್ಲುವುದು ಬೇರೆ. ಮಳೆ ಬಂದಿದ್ದರೆ ಹುಲ್ಲು ಜಾರುತ್ತದೆ, ನೋಡಿಕೊಂಡು ನಡೆಯಿರಿ.

ವಾಪಸ್ ಬಂದು, ಲಿಡ್‌ಗೇಟ್ ಬೀದಿಯಿಂದ ಹೊಲದ ಕಾಲುದಾರಿ ಹಿಡಿದು ಸ್ಟೋನಿ ಮಿಡಲ್ಟನ್ ಕಡೆ ಹೋದರೆ ಗಡಿ ಕಲ್ಲು ಸಿಗುತ್ತದೆ. ಕಲ್ಲಿನಲ್ಲಿ ಗುಳಿಗಳಿವೆ. ನಾಣ್ಯದಿಂದ ರೋಗ ಹರಡಬಾರದು ಅಂತ ಊರಿನವರು ಅದನ್ನು ವಿನೆಗರ್ ತುಂಬಿದ ಆ ಗುಳಿಗಳಲ್ಲಿ ಇಟ್ಟು ಹೋಗುತ್ತಿದ್ದರು, ಹೊರಗಿನವರು ಊಟ, ಔಷಧಿ ಇಟ್ಟು ಹಣ ತೆಗೆದುಕೊಳ್ಳುತ್ತಿದ್ದರು. ಚಾಟ್ಸ್‌ವರ್ತ್ ಅರಮನೆಯ ಒಡೆಯ, ಡೆವನ್‌ಶೈರ್‌ನ ಅರ್ಲ್ ಕೂಡ ಊರಿಗೆ ಆಹಾರ ಒದಗಿಸಿದ. ಬೆರಳಿಟ್ಟು ನೋಡಿ, ಎಷ್ಟು ಸಣ್ಣ ಗುಳಿ ಅಂತ ಗೊತ್ತಾಗುತ್ತದೆ.

ಊಟದ ಬಗ್ಗೆ: ಊರಿನಲ್ಲಿ ಟೀ ಅಂಗಡಿ, ಪಬ್ ಇವೆ. ಸಸ್ಯಾಹಾರಿಗಳಿಗೆ ಆಯ್ಕೆ ಜಾಸ್ತಿ ಇರುವುದಿಲ್ಲ, ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ. ಆಗಸ್ಟ್‌ನ ಕೊನೆಯ ಭಾನುವಾರ ಸತ್ತವರ ನೆನಪಿಗೆ ಪ್ರಾರ್ಥನೆ ಇರುತ್ತದೆ. ಅದನ್ನೇ ನೋಡಬೇಕು ಅನ್ನುವವರು ಬೆಳಿಗ್ಗೆ ಬೇಗ ಬನ್ನಿ, ಸುಮ್ನೆ ಊರು ತಿರುಗಬೇಕು ಅನ್ನುವವರು ಆ ದಿನ ಬಿಡಿ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಗಡಿ ಕಲ್ಲಿನಿಂದ ಹಾಗೇ ಸ್ಟೋನಿ ಮಿಡಲ್ಟನ್‌ಗೆ ಇಳಿಯಿರಿ, ಅಲ್ಲಿನ ಎಂಟು ಮೂಲೆಯ ಚರ್ಚ್ ಅಪರೂಪದ್ದು. ವಾಪಸ್ ಬರುವಾಗ ಪೂರ್ತಿ ಏರು, ಹಾಗಾಗಿ ಕತ್ತಲಾಗುವುದರೊಳಗೆ ಕಾರ್ ಅಥವಾ ಬಸ್ ಸ್ಟಾಪ್ ಸೇರುವ ಹಾಗೆ ಹೊರಡಿ.