ಅಪ್ಪನ ಜೇಬಿನ ಪೆಪ್ಪರ್‌ಮೆಂಟ್

ಅಪ್ಪ ತಿಪಟೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. ಅಂಗಿ ಜೇಬಿನಲ್ಲಿ ಯಾವಾಗಲೂ ನಾಲ್ಕೈದು ಪೆಪ್ಪರ್‌ಮೆಂಟ್ ಇರುತ್ತಿದ್ದವು. ಸೈಕಲ್ ಬೆಲ್ ಕೇಳಿದರೆ ಸಾಕು, ಮಕ್ಕಳು ಓಡಿ ಬರುತ್ತಿದ್ದರು. ನಿವೃತ್ತರಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಬಸ್ಸಿನಲ್ಲಿ ಯಾವುದಾದರೂ ಮಗು ಅತ್ತರೆ ಅವರ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

2018ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದವಳು ನಾನು.

ಆಗ ಮಗಳಿಗೆ ನಾಲ್ಕು ವರ್ಷ. ಬೆಂಗಳೂರಿನ ಹನುಮಂತನಗರದಲ್ಲಿದ್ದೆವು. ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆ ಅಂತ ಜೊತೆಗೊಂದು ವಾಯ್ಸ್ ಮೆಸೇಜ್. ನನ್ನ ಎದೆ ಧಸಕ್ಕೆಂದಿತು. ಕೆಳಗೆ ಆಡುತ್ತಿದ್ದ ಮಗಳನ್ನು ಮನೆಯೊಳಗೆ ಕರೆದೆ. ವಿಡಿಯೊವನ್ನು ಮೂರು ಗ್ರೂಪಿಗೆ ಕಳಿಸಿದೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿ, "ಇನ್ಮೇಲೆ ಯಾರ ಮಕ್ಕಳಿಗೂ ಏನೂ ಕೊಡಬೇಡಿ" ಎಂದೆ.

ಮೇ 23ರಂದು, ನಮ್ಮ ಮನೆಗೆ ಅಷ್ಟೇನೂ ದೂರವಿಲ್ಲದ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಆಗಲೂ ನಾನು ನನ್ನ ಫೋನ್ ನೋಡಿಕೊಳ್ಳಲಿಲ್ಲ. ಏನೋ ಇದ್ದಿರಬೇಕು ಅಂದುಕೊಂಡೆ.

ಆ ವಿಡಿಯೊ ಕರಾಚಿಯದು ಅಂತ ಆಮೇಲೆ ಗೊತ್ತಾಯಿತು. ಮಕ್ಕಳ ಮೇಲೆ ಕಣ್ಣಿಡಿ ಅಂತ ಅಪ್ಪ ಅಮ್ಮಂದಿರಿಗೆ ಹೇಳಲು ಮಾಡಿದ್ದು. ಪೂರ್ತಿ ವಿಡಿಯೊದಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳನ್ನು ಕಾಪಾಡಲು ಮಾಡಿದ್ದನ್ನು ಕತ್ತರಿಸಿ ಜನರನ್ನು ಕೊಲ್ಲುವಂತೆ ಮಾಡಿದರಲ್ಲ, ಅದನ್ನು ಈಗಲೂ ಅರಗಿಸಿಕೊಳ್ಳಲು ಆಗುತ್ತಿಲ್ಲ.

ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದರ ಸುದ್ದಿ ಬಂತು. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ಹಂದಿಕೇರಾ ಊರಿನ ಹತ್ತಿರ ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ಜನ ಸುತ್ತುವರಿದರು. ಅವರು ಹೆದರಿ ಕಾರು ಓಡಿಸಿದರು. ಆದರೆ ಕಾರಿಗಿಂತ ಮೊದಲು ಮೊಬೈಲಿನ ಸುದ್ದಿ ಮುಂದಿನ ಊರು ಮುರ್ಕಿ ತಲುಪಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿದ್ದರು. ಕಾರು ಮಗುಚಿತು. ಕಾಪಾಡಲು ಹೋದ ಪೊಲೀಸರಿಗೂ ಏಟು ಬಿತ್ತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತೇಹೋದರು.

ಚಾಕೊಲೇಟ್ ಅಂತ ಓದಿದಾಗ ನನಗೆ ಕಂಡದ್ದು ಅಪ್ಪನ ಜೇಬು. ಪೇಪರ್ ಕೆಳಗಿಟ್ಟು ತುಂಬಾ ಹೊತ್ತು ಅತ್ತೆ.

ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡ್ ಮಾಡುವುದನ್ನು ಒಂದು ಸಲಕ್ಕೆ ಐದು ಚಾಟ್‌ಗೆ ಇಳಿಸಿತು. 2012ರ ಆಗಸ್ಟ್ ನೆನಪಾಯಿತು. ಎಸ್ಸೆಮ್ಮೆಸ್ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ದರು. ನನ್ನ ಪಕ್ಕದ ಟೇಬಲ್ಲಿನ ಅಸ್ಸಾಮಿನ ಹುಡುಗಿ ಸಂಬಳವನ್ನೂ ತೆಗೆದುಕೊಳ್ಳದೆ ಹೋದಳು. ಆಗಲೂ ಸರ್ಕಾರ ಒಂದು ಸಲಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತ್ತು. ನಾನು ಕಳಿಸಿದ್ದು ಮೂರು ಕಡೆಗೆ. ಯಾವ ಮಿತಿಯೂ ನನ್ನನ್ನು ತಡೆಯುತ್ತಿರಲಿಲ್ಲ.

ಮೂರೂ ಗ್ರೂಪಿಗೆ ಹೋಗಿ ಬರೆದೆ: "ನಾನು ಕಳಿಸಿದ್ದ ವಿಡಿಯೊ ಇಲ್ಲಿಯದಲ್ಲ, ಅರ್ಧ ಕತ್ತರಿಸಿದ್ದು. ತಪ್ಪಾಯಿತು." ಜಾಸ್ತಿ ಜನ ಏನೂ ಹೇಳಲಿಲ್ಲ. ಒಬ್ಬರು ಮಾತ್ರ, "ಹುಷಾರಾಗಿರೋದು ತಪ್ಪಾ?" ಎಂದು ಕೇಳಿದರು. ಅವರು ಕೆಟ್ಟವರಲ್ಲ. ನಾನೂ ಕಳಿಸಿದ್ದು ಮಗಳ ಮೇಲಿನ ಪ್ರೀತಿಯಿಂದಲೇ ಅಲ್ವಾ? ಈಗ ಇಂಥದ್ದು ಬಂದರೆ ಕಳಿಸಿದವರಿಗೆ ಫೋನ್ ಮಾಡುತ್ತೇನೆ. ಯಾವ ಊರು, ಯಾವತ್ತು, ನಿಮಗೆ ಯಾರು ಕಳಿಸಿದರು ಅಂತ ಕೇಳುತ್ತೇನೆ. ಗ್ರೂಪಿನಲ್ಲಿ ಎಲ್ಲರೆದುರು ಕೇಳಿದರೆ ಅವಮಾನವಾಗುತ್ತದೆ, ಜಗಳವಾಗುತ್ತದೆ.

ಅಪ್ಪನಿಗೂ ಎಲ್ಲ ಹೇಳಿದೆ. ಹೋದ ತಿಂಗಳು ತಿಪಟೂರಿನಿಂದ ಅವರ ಜೊತೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಂದು ಮಗು ಅಳುತ್ತಿತ್ತು. ಅಪ್ಪ ಎಷ್ಟೋ ವರ್ಷಗಳ ಮೇಲೆ ಜೇಬಿಗೆ ಕೈ ಹಾಕಿದರು. ಮಗುವಿಗೆ ಕೊಡುವ ಮೊದಲು ತಾಯಿಯನ್ನು ಕೇಳಿದರು: "ಕೊಡಬಹುದಾಮ್ಮ?"

ಆಕೆ ಒಮ್ಮೆ ಅವರ ಮುಖ ನೋಡಿದಳು. ಮಗುವನ್ನು ಮಡಿಲಿಗೆ ಎಳೆದುಕೊಂಡು, "ಬೇಡ ಅಜ್ಜ, ಪರವಾಗಿಲ್ಲ" ಎಂದಳು.

"ಸರಿ ಕಣಮ್ಮ" ಎಂದು ಅಪ್ಪ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.