ಮೊದಲ ಮಳೆಯನ್ನು ತಾನೇ ಹೊರಹಾಕುವ ಡ್ರಮ್: ನಮ್ಮ ಎನ್ನೆಸ್ಸೆಸ್ ಘಟಕದ ಈ ವರ್ಷ

ಕೊನೆಗೂ ಆಯಿತು. ನಮ್ಮ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ದತ್ತು ಪಡೆದ ಹಳ್ಳಿಯ ಶಾಲೆಯಲ್ಲಿ, ಚಾವಣಿಯ ಮೊದಲ ಕೊಳೆನೀರನ್ನು ತಾನೇ ಹೊರಹಾಕಿ ಉಳಿದದ್ದನ್ನು ಮಳೆನೀರಿನ ತೊಟ್ಟಿಗೆ ಬಿಡುವ ಡ್ರಮ್ ಕೆಲಸ ಮಾಡಿತು. ಹಸ್ತ, ಚಿತ್ತೆ ಮಳೆ ಸುರಿದಾಗ ಶಾಲೆಗೆ ದಸರಾ ರಜೆ, ಗೇಟಿಗೆ ಬೀಗ. ನಮ್ಮ ಹುಡುಗ ಹುಡುಗಿಯರಿಗೆ ಪರೀಕ್ಷೆ, ಹಾಗಾಗಿ ಆ ಕಡೆ ಯಾರೂ ಸುಳಿದಿರಲಿಲ್ಲ. ರಜೆ ಮುಗಿದ ಮೇಲೆ ತೊಟ್ಟಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ತಳದ ಸಿಮೆಂಟಿನ ಗೆರೆಗಳು ಕಾಣುವಷ್ಟು ತಿಳಿನೀರು. ಪಕ್ಕದ ಡ್ರಮ್ ತಾನಾಗಿಯೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗಿತ್ತು. ಬೇಸಿಗೆಯಿಂದ ನಮ್ಮ ಘಟಕದ ತಲೆ ತಿಂದ ಸಮಸ್ಯೆ ಬಗೆಹರಿದಿದೆ. ಹಾಗಾಗಿ ಈ ಸಲದ ಬರಹದ ಬಹುಭಾಗ ಆ ಒಂದು ಡ್ರಮ್ಮಿಗೇ ಮೀಸಲು.

ವರ್ಷದ ಉಳಿದ ಕೆಲಸ ನಿಮ್ಮ ಘಟಕಗಳಲ್ಲಿ ನಡೆದಂತೆಯೇ ನಡೆಯಿತು. ರಕ್ತದಾನ ಶಿಬಿರ, ಹೊಸ ಮತದಾರರ ನೋಂದಣಿ, ಕ್ಯಾಂಪಸ್ಸಿನಲ್ಲಿ ಗಿಡ, ಅವುಗಳ ಫೋಟೊ, ವರದಿ. ವರ್ಷಕ್ಕೆ 120 ಗಂಟೆಯ ಲೆಕ್ಕ (20 ಗಂಟೆ ತರಬೇತಿ, 30 ಕ್ಯಾಂಪಸ್ಸಿನಲ್ಲಿ, 70 ಊರಿನಲ್ಲಿ) ಕಾರ್ಯಕ್ರಮಾಧಿಕಾರಿಗಳಿಗೆ ಬಾಯಿಪಾಠ, ಮತ್ತೆ ಹೇಳುವುದಿಲ್ಲ. ಸೆಪ್ಟೆಂಬರ್ 24ರಂದು ಹೊಸಬರಿಗೆ ತಪ್ಪದೆ ಹೇಳುವ ಒಂದು ಸಂಗತಿ ಮಾತ್ರ ಇಲ್ಲೂ ಬರೆಯುತ್ತೇನೆ. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಈ ಯೋಜನೆ ಶುರುವಾದದ್ದು ಅದೇ ದಿನ. ಶುರು ಮಾಡಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಆಗ ಅವರು ನಮ್ಮ ಬಳ್ಳಾರಿಯ ಲೋಕಸಭಾ ಸದಸ್ಯರು. 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ, ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ) ಕಟ್ಟಿದವರೂ ಅವರೇ. ಪ್ರತಿ ವರ್ಷ ಇದನ್ನು ಕೇಳಿ ಹಿಂದಿನ ಬೆಂಚಿನ ಯಾರಾದರೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ನನಗದು ತುಂಬ ಖುಷಿ.

ಈಗ ಊರಿಗೆ ಬರೋಣ. ನಾವು ದತ್ತು ಪಡೆದ ಹಳ್ಳಿ ಪಾವಗಡ ತಾಲ್ಲೂಕಿನದು. ತಿರುಮಣಿ ಸುತ್ತಲಿನ 2050 ಮೆಗಾವಾಟ್ ಸೋಲಾರ್ ಪಾರ್ಕಿನಿಂದ ಈಗ ಹೊರಗಿನವರಿಗೆ ಪರಿಚಯವಾದ ತಾಲ್ಲೂಕು, ಅದಕ್ಕೂ ಎಷ್ಟೋ ಮೊದಲಿಂದ ಫ್ಲೋರೈಡ್ ನೀರಿನಿಂದ ಬಳಲುತ್ತಿರುವ ತಾಲ್ಲೂಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನದಂಡ ಐಎಸ್ 10500. ಶಾಲೆಯ ಬೋರ್‌ವೆಲ್ ನೀರು ನಮ್ಮ ಪರೀಕ್ಷಾ ಕಿಟ್ಟಿನಲ್ಲಿ ಆ ಮಿತಿಯನ್ನೂ ದಾಟಿತ್ತು. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆಗುವ ಹಾನಿ ಅದು, ಆಮೇಲೆ ಎಷ್ಟು ಉಜ್ಜಿದರೂ ಹೋಗದು. ಮಳೆನೀರಿನಲ್ಲಾದರೆ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಶಾಲೆಯಲ್ಲಿ ತೊಟ್ಟಿ ಮೊದಲೇ ಇತ್ತು. ಹಿಂದೆಂದೋ ಯಾವುದೋ ಅನುದಾನದಲ್ಲಿ ಕಟ್ಟಿದ 5,000 ಲೀಟರಿನ ಮಳೆನೀರಿನ ತೊಟ್ಟಿ. ಒಳಗೆ ಒಡೆದ ಬೆಂಚು, ಹಳೆಯ ಬೋರ್ಡು, ಹಲ್ಲಿ. ಗಟ್ಟಿಮುಟ್ಟಾದ ತೊಟ್ಟಿಯನ್ನು ಊರು ಯಾಕೆ ಬಿಟ್ಟಿತು ಅನ್ನುವುದು ವಾರ್ಷಿಕ ಶಿಬಿರದ ಮೊದಲ ಸಂಜೆಯೇ ತಿಳಿಯಿತು. ಚಾವಣಿಯ ಮೊದಲ ಕೊಳೆನೀರನ್ನು ಹೊರಗೆ ಬಿಡಲು ಇಳಿಪೈಪಿನ ಬುಡದಲ್ಲಿ ಒಂದು ವಾಲ್ವ್ ಇತ್ತು. ಮಳೆ ಶುರುವಾದಾಗ ತೆರೆದಿರಬೇಕು, ಸ್ವಲ್ಪ ಹೊತ್ತಿಗೆ ಯಾರಾದರೂ ಹೋಗಿ ತಿರುಗಿಸಬೇಕು. ನಮ್ಮ ಕಡೆ ಮಳೆ ಬರುವುದೇ ಸಂಜೆ ಮೇಲೆ, ಅದರಲ್ಲೂ ಹೆಚ್ಚಿನದು ದಸರಾ ರಜೆಯ ಆಸುಪಾಸಿನಲ್ಲಿ. ಬೀಗ ಹಾಕಿದ ಶಾಲೆಗೆ ಗುಡುಗಿನಲ್ಲಿ ಹೋಗಿ ವಾಲ್ವ್ ತಿರುಗಿಸುವವರು ಯಾರು? ಹಕ್ಕಿ ಹಿಕ್ಕೆ, ಪಾಚಿ, ಬೇವಿನೆಲೆ ಎಲ್ಲ ತೊಟ್ಟಿಗೆ ಬಂತು. ನೀರು ನಾರಿತು. ಒಮ್ಮೆ ನಾರಿದ ನೀರನ್ನು ಯಾವ ತಾಯಿ ಮಗುವಿಗೆ ಕುಡಿಸುತ್ತಾಳೆ?

ಅಲ್ಲಿಗೆ ನಮ್ಮ ಷರತ್ತು ಸ್ಪಷ್ಟವಾಯಿತು: ಮನುಷ್ಯರ ನೆನಪನ್ನು ನಂಬಿಕೊಳ್ಳದ ವ್ಯವಸ್ಥೆ ಬೇಕು. ಎನ್ನೆಸ್ಸೆಸ್ಸಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಮ್ಮ ಸ್ವಯಂಸೇವಕರು 2 ವರ್ಷ, 240 ಗಂಟೆ ಮುಗಿಸಿ ಹೊರಡುತ್ತಾರೆ. ಕೆಲಸ ಚೆನ್ನಾಗಿ ಕೈಹಿಡಿಯುವ ಹೊತ್ತಿಗೆ ಪ್ರಮಾಣಪತ್ರ ಕೈಗೆ ಬಂದಿರುತ್ತದೆ. ಒಬ್ಬ ಚುರುಕಿನ ಹುಡುಗನ ಮೇಲೆ ನಿಂತ ಕೆಲಸ ಅವನ ಬೀಳ್ಕೊಡುಗೆಯ ದಿನವೇ ನಿಂತುಹೋಗುತ್ತದೆ.

ಲೆಕ್ಕ ಸರಳ. ಹೆಂಚಿನ ಚಾವಣಿ ಸುಮಾರು 100 ಚದರ ಮೀಟರ್. 1 ಮಿ.ಮೀ. ಮಳೆ ಅಂದರೆ 100 ಲೀಟರ್. ವರ್ಷಕ್ಕೆ 500 ಮಿ.ಮೀ. ಎಂದಿಟ್ಟುಕೊಂಡು, ಚೆಲ್ಲಿದ್ದು ಹೀರಿದ್ದು ಕಳೆದು ಶೇ 80 ಸಿಕ್ಕರೂ 40,000 ಲೀಟರ್. 60 ಮಕ್ಕಳಿಗೆ ತಲಾ ಒಂದೂವರೆ ಲೀಟರ್, 220 ಶಾಲಾ ದಿನ: 20,000 ಲೀಟರ್ ಸಾಕು. ಚಾವಣಿ ಧಾರಾಳ, ತೊಟ್ಟಿ ಚಿಕ್ಕದು. ಅದು ಮುಂದಿನ ಮಾತು. ಹೆಂಚಿನ ಮೇಲೆ ಪಾಚಿ ಇರುವುದರಿಂದ ಮೊದಲ 2 ಮಿ.ಮೀ., ಅಂದರೆ 200 ಲೀಟರ್, ಹೊರಗೆ ಹೋಗಬೇಕೆಂದು ನಿರ್ಧರಿಸಿದೆವು. ಈ ಮೊದಲ ನೀರು ಹಿಡಿಯಲು ಎಲ್ಲರೂ ಹಾಕುವ 110 ಮಿ.ಮೀ. ನಿಲುಪೈಪು 3 ಮೀಟರ್ ಇದ್ದರೂ ಹಿಡಿಯುವುದು 26 ಲೀಟರ್ ಸುಮಾರು. ಕಾಲು ಮಿ.ಮೀ. ಮಳೆಗೇ ತುಂಬಿಬಿಡುತ್ತದೆ. ಹಾಗಾಗಿ 200 ಲೀಟರಿನ ನೀಲಿ ಡ್ರಮ್. ಮೇಲೆ ಪೈಪಿನ ಬಾಯಿಗೆ ಕೆಳಗಿನಿಂದ ಬಂದು ಕೂರುವ ತೇಲುವ ಚೆಂಡು, ಗಾಳಿ ಹೋಗಲು ಸಣ್ಣ ಕೊಳವೆ. ಡ್ರಮ್ ತುಂಬಿದಾಗ ಚೆಂಡು ಬಾಯಿ ಮುಚ್ಚುತ್ತದೆ, ಹಿಂದೆ ಬರುವ ಶುದ್ಧ ನೀರು ಮೂರು ಬಾಯಿಯ ಟೀ ಜಾಯಿಂಟಿನಿಂದ ತೊಟ್ಟಿಗೆ ತಿರುಗುತ್ತದೆ. ತಳದ ಸಣ್ಣ ತೂತಿನಿಂದ ಡ್ರಮ್ ನಿಧಾನವಾಗಿ ಖಾಲಿಯಾಗುತ್ತದೆ.

ಕಾಗದದ ಮೇಲೆ ಇಷ್ಟೇ. ಪೂರೈಕೆದಾರರ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. 110ರ ಪೈಪಿಗೆ 90ರ ಟೀ ಬಂತು. ದಂಬೆಯ (ಚಾವಣಿಯಂಚಿನಲ್ಲಿ ನೀರು ಹಿಡಿಯುವ ತೋಡು) ಕ್ಲಾಂಪು ಅರ್ಧ ಬಂತು, ಉಳಿದರ್ಧ ‘ನಾಳೆ’ ಬರಬೇಕಿತ್ತು, ಶಿಬಿರದ 7 ದಿನವೂ ಆ ನಾಳೆ ಬರಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಚೆಂಡು ಕೇಳಿದರೆ ಜಾತ್ರೆಯ ಆಟದ ಚೆಂಡು ಕೊಟ್ಟರು. ಬಿಸಿಲಿಗೆ ಅದು ಮೆತ್ತಗಾಗಿ ಪೈಪಿನ ಬಾಯಿಗೆ ಸಿಕ್ಕಿಕೊಂಡಿತು. ಬದಲಾಯಿಸಿ ಗಟ್ಟಿ ಚೆಂಡು ತಂದೆವು. ಅದು ಸೋಮವಾರ ಮಾಯವಾಯಿತು. ಹುಡುಕಿದರೆ ಮೈದಾನದಲ್ಲಿ ಐದನೇ ತರಗತಿಯ ಲಗೋರಿ ಪಂದ್ಯ ಭರ್ಜರಿಯಾಗಿ ನಡೆಯುತ್ತಿದೆ! ನಮ್ಮ ಹುಡುಗಿಯರು ತಕ್ಷಣ ಒಪ್ಪಂದಕ್ಕೆ ಬಂದರು: ಮಕ್ಕಳಿಗೆ ಎರಡು ರಬ್ಬರ್ ಚೆಂಡು, ಡ್ರಮ್ಮಿಗೆ ಒಂದು. ಆ ಒಪ್ಪಂದ ಇವತ್ತಿನವರೆಗೂ ಮುರಿದಿಲ್ಲ.

ನಿಜವಾದ ತೊಡಕು ಆ ತಳದ ತೂತು. 2 ಮಿ.ಮೀ. ತೂತಾದರೆ ತುಂಬಿದ ಡ್ರಮ್ಮಿನಿಂದ ಗಂಟೆಗೆ 28 ಲೀಟರ್ ಸುಮಾರು ಹೋಗುತ್ತದೆ, ಪೂರ್ತಿ ಖಾಲಿಯಾಗಲು 14 ಗಂಟೆ. ಅಳತೆ ಹೇಳಿ ಮಾಡಿಸಿದಂತಿದೆ: ರಾತ್ರಿಯ ಮಳೆ ಮಾರನೇ ಮಧ್ಯಾಹ್ನದೊಳಗೆ ಖಾಲಿ. ಆದರೆ ಬೇವಿನೆಲೆಯ ಒಂದು ತೊಟ್ಟು, ಹೆಂಚಿನ ಒಂದು ಚೂರು ಸಾಕು, ತೂತು ಬಂದ್. ಡ್ರಮ್ ತುಂಬಿಯೇ ನಿಲ್ಲುತ್ತದೆ, ಮುಂದಿನ ಮಳೆಯ ಕೊಳೆಯೆಲ್ಲ ನೇರ ತೊಟ್ಟಿಗೆ. ಮುಂಗಾರಿನ ಮಳೆಗಳಲ್ಲಿ ಮತ್ತೆ ಮತ್ತೆ ಆದದ್ದು ಇದೇ. ತೂತನ್ನು 6 ಮಿ.ಮೀ. ಮಾಡಿದೆವು. ಕಟ್ಟಲಿಲ್ಲ, ಆದರೆ ಹರಿವು ಒಂಬತ್ತು ಪಟ್ಟು. ಗಂಟೆಗೆ 2 ಮಿ.ಮೀ. ಜಿಟಿಜಿಟಿ ಮಳೆಯಲ್ಲಿ ಚಾವಣಿಯಿಂದ ಬರುವುದು 160 ಲೀಟರ್, ಡ್ರಮ್ ಅರ್ಧ ತುಂಬುವ ಮೊದಲೇ ಅಷ್ಟೂ ಕೆಳಗಿನಿಂದ ಹೊರಗೆ. ಚೆಂಡು ಏಳುವುದೇ ಇಲ್ಲ, ತೊಟ್ಟಿಗೆ ಹನಿ ನೀರಿಲ್ಲ. ಜಾಲರಿ ಸುತ್ತಿದರೆ ಜಾಲರಿಯ ಮೇಲೆ ಪಾಚಿ ಲೋಳೆ. ಪ್ರತಿ ಮಳೆಗೂ ಜಾಲರಿ ತೊಳೆಯುವುದಾದರೆ ಹಳೆಯ ವಾಲ್ವೇನು ಪಾಪ ಮಾಡಿತ್ತು? ಸಣ್ಣ ತೂತು ಕಟ್ಟುತ್ತದೆ, ದೊಡ್ಡ ತೂತು ಸೋರುತ್ತದೆ. ನಡುವಿನ 3, 4 ಮಿ.ಮೀ.ಗಳಲ್ಲಿ ಎರಡು ಕಾಟವೂ ಅರ್ಧರ್ಧ.

ಪಾರಾಗುವ ಹಾದಿ ತೋರಿಸಿದವರು ಪಕ್ಕದ ಹೊಲದ ದಾಳಿಂಬೆ ಬೆಳೆಗಾರರು. ಡ್ರಮ್ ಸುತ್ತ ತಲೆ ಕೆರೆದುಕೊಂಡು ನಿಂತ ನಮ್ಮನ್ನು ನೋಡಿ ಬೇಲಿ ಆಚೆಯಿಂದಲೇ ಕೇಳಿದರು: “ಏನ್ ಮೇಷ್ಟ್ರೇ, ತೂತು ಕಟ್ಟುತ್ತಾ? ನಮ್ಮ ಡ್ರಿಪ್ಪಿನ ಸಣ್ಣ ಪೈಪು ಹಾಕಿ ನೋಡಿ, ಅದು ಅಷ್ಟು ಸುಲಭಕ್ಕೆ ಕಟ್ಟಲ್ಲ.” ಹನಿ ಬಿಡುವ ಡ್ರಿಪ್ಪರ್ ಹಾಕಿದರೆ ಆಗದು, ಗಂಟೆಗೆ 8 ಲೀಟರಿನ ಡ್ರಿಪ್ಪರ್ ಆ ಲೆಕ್ಕ ಕೊಡುವುದು 10 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ, ನಮ್ಮ ಡ್ರಮ್ಮಿನ ಎತ್ತರ 85 ಸೆಂ.ಮೀ. ಅವರು ಹೇಳಿದ್ದು ಬರಿಯ ಮೈಕ್ರೋಟ್ಯೂಬ್, 4 ಮಿ.ಮೀ. ಒಳವ್ಯಾಸದ ಕಪ್ಪು ಕೊಳವೆ. ಆ ರಾತ್ರಿ ಫಿಸಿಕ್ಸ್ ಓದುವ ಹುಡುಗಿಯೊಬ್ಬಳು ಘರ್ಷಣೆಯ ಲೆಕ್ಕ ಹಾಕಿ ಗುಂಪಿಗೆ ಕಳಿಸಿದಳು. ಕೊಳವೆ ಉದ್ದವಾದಷ್ಟೂ ಒಳಗೋಡೆಯ ಘರ್ಷಣೆ ನೀರನ್ನು ತಡೆಯುತ್ತದೆ. 5 ಮೀಟರ್ ಉದ್ದದ 4 ಮಿ.ಮೀ. ಕೊಳವೆ ಗಂಟೆಗೆ ಬಿಡುವುದು 25 ಲೀಟರ್ ಸುಮಾರು, ಹೆಚ್ಚುಕಮ್ಮಿ 2 ಮಿ.ಮೀ. ತೂತಿನಷ್ಟೇ. ಆದರೆ ದಾರಿಯ ಅಗಲ ಎರಡು ಪಟ್ಟು! ಕಸ ನುಸುಳಿ ಹೋಗುತ್ತದೆ, ನೀರು ಮಾತ್ರ ನಿಧಾನ. ಬಕೆಟ್ಟೂ ಗಡಿಯಾರವೂ ಹಿಡಿದು ಅಳೆದರೆ ಅವಳ ಲೆಕ್ಕಕ್ಕೆ ತೀರಾ ಹತ್ತಿರ ಬಂತು. ಆ ಮಧ್ಯಾಹ್ನ ಹುಡುಗರು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಜೊತೆಗೆ ಮಾಡಿದ ಇನ್ನೊಂದು ಬದಲಾವಣೆ: ಕೊಳವೆಯ ಬಾಯಿಯನ್ನು ತಳದಲ್ಲಿಡದೆ 10 ಸೆಂ.ಮೀ. ಮೇಲಕ್ಕೆ ಕೂರಿಸಿದೆವು. ಕೆಸರು ಅದರ ಕೆಳಗೆ ಕೂರುತ್ತದೆ. ತಳಕ್ಕೆ ಬೇರೆ ಪ್ಲಗ್ ಇದೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿದರೆ ಸಾಕು. ಮರೆತರೂ ತೊಟ್ಟಿ ಕೆಡುವುದಿಲ್ಲ. ಕೊಳವೆಯ ತುದಿ ಕರಿಬೇವಿನ ಗಿಡದ ಬುಡದಲ್ಲಿದೆ. ಗಿಡ ಈ ವರ್ಷ ಚಿಗುರಿದ ಪರಿ ನೋಡಬೇಕು.

ಇಲ್ಲಿ ಮಧ್ಯೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ಮುಂದಿನ ವರ್ಷದ ಯೋಜನೆ ಮಳೆಮಾಪಕ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಾಪಕ ಇಟ್ಟಿದೆ. ಆದರೆ ನಮ್ಮ ಕಡೆ ಒಂದು ಗುಡ್ಡದ ಆಚೆ ಮಳೆ, ಈಚೆ ಧೂಳು. ಸುತ್ತಲಿನ ಶಾಲೆಗಳಲ್ಲೆಲ್ಲ ನೇರ ಗೋಡೆಯ ಪಾರದರ್ಶಕ ಡಬ್ಬಿ, ಆಲಿಕೆ, ಸ್ಕೇಲು. ಹವಾಮಾನ ಇಲಾಖೆಯಂತೆ ದಿನಾ ಬೆಳಿಗ್ಗೆ 8.30ಕ್ಕೆ ಮಕ್ಕಳು ಓದಿ ಗೋಡೆಯ ಮೇಲೆ ಬರೆಯಬೇಕು, ಭರಣಿಯಿಂದ ಸ್ವಾತಿಯವರೆಗೆ ಒಂದೊಂದು ಮಳೆಗೂ ಒಂದೊಂದು ಕಂಬಸಾಲು. ಅಜ್ಜಂದಿರು ಮಳೆ ನಕ್ಷತ್ರ ಹೇಳಿದರೆ ಮಕ್ಕಳು ಮಿಲಿಮೀಟರ್ ಹೇಳಬೇಕು. ಆ ಗೋಡೆ ತುಂಬಿದರೆ ತೊಟ್ಟಿ ಎಷ್ಟು ದೊಡ್ಡದಿರಬೇಕೆಂಬ ಲೆಕ್ಕ ನಮ್ಮದೇ ಅಂಕಿಗಳಿಂದ ಸಿಗುತ್ತದೆ.

ಸರಿ, ಪರೀಕ್ಷೆಯ ಫಲಿತಾಂಶ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಬೋರ್ ನೀರು ಸಾವಿರದ ಮೇಲೆ, ತೊಟ್ಟಿಯ ನೀರು ನೂರರೊಳಗೆ. ಫ್ಲೋರೈಡ್ ಕಿಟ್ಟಿನಲ್ಲಿ ಅತ್ಯಂತ ಕೆಳಗಿನ ಬಣ್ಣ. ರೋಗಾಣು ನೋಡುವ ಎಚ್‌ಟುಎಸ್ ಬಾಟಲಿ ಮಾತ್ರ ಮುಂಗಾರಿನಲ್ಲಿ ಕಪ್ಪಾಗಿತ್ತು. ಆಗ ಒಂದು ಲೋಟವನ್ನೂ ಕುಡಿಯಲು ಬಿಡಲಿಲ್ಲ, ಅಷ್ಟೂ ಗಿಡಗಳಿಗೆ ಹೋಯಿತು. ಹಿಂಗಾರಿನ ನೀರಿಗೆ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ ಮತ್ತೆ ನೋಡಿದಾಗ ಬಾಟಲಿ ಕಪ್ಪಾಗಲಿಲ್ಲ. ಆಮೇಲಷ್ಟೇ ನಲ್ಲಿ ತೆರೆದದ್ದು. ನಲ್ಲಿ ತೆರೆದ ಮೇಲೆ ಬಿಸಿಯೂಟದ ಅಕ್ಕನ ತೀರ್ಪೂ ಬಂತು: “ಈ ನೀರಲ್ಲಿ ಬೇಳೆ ಎಷ್ಟು ಬೇಗ ಬೇಯ್ತದೆ ಸರ್, ಗ್ಯಾಸ್ ಉಳೀತದೆ.” ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಬೇಯಗೊಡದು, ನಿಜ. ಶಾಲೆಯ ಮೇಲುಸ್ತುವಾರಿ ಸಮಿತಿಯ ತಾಯಂದಿರು ತೊಟ್ಟಿಯನ್ನು ನಂಬಿದ್ದು ನನ್ನ ಮೀಟರಿನಿಂದಲ್ಲ, ಅವರ ಸಾರಿನಿಂದ.

ತೊಟ್ಟಿ ತುಂಬಿದರೆ ಕುಡಿಯಲು 55 ಶಾಲಾ ದಿನಕ್ಕೆ ಬರುತ್ತದೆ. ಬೇಸಿಗೆವರೆಗೆ ಎಳೆಯಲು ಇನ್ನೂ 10,000 ಲೀಟರ್ ಸಂಗ್ರಹ ಬೇಕು. ಶಿಬಿರದ ಅನುದಾನ ಊಟಕ್ಕೆ ಸರಿಹೋಗುತ್ತದೆ. ಈ ಸಲದ ಪೈಪು, ಡ್ರಮ್ಮಿಗೆ ಹಣ ಹಾಕಿದವರು ನಮ್ಮ ಹಳೆಯ ಸ್ವಯಂಸೇವಕರು, ಮುಂದಿನದಕ್ಕೂ ಅವರನ್ನೇ ಕೇಳಿದ್ದೇನೆ. ಎರಡನೇ ವರ್ಷದವರು ಹೊರಡುವ ಮೊದಲು ಮೊದಲ ವರ್ಷದವರ ಕೈಯಿಂದಲೇ ಡ್ರಮ್ ಪೂರ್ತಿ ಬಿಚ್ಚಿಸಿ ಜೋಡಿಸಿದ್ದಾರೆ. ಭರಣಿ ಮಳೆಗೆ ಮುಂಚೆ ದಂಬೆ ಗುಡಿಸುವುದು, ಚೆಂಡು ನೋಡುವುದು, ಪ್ಲಗ್ ಬಿಚ್ಚುವುದು, ಈ ಮೂರನ್ನೂ ತೊಟ್ಟಿಯ ಮೇಲೆ ಆಯಿಲ್ ಪೇಂಟಿನಲ್ಲಿ ಬರೆಸಿದೆವು.

ನಿಮ್ಮ ಊರಲ್ಲಿ ಮಾಡುವುದಾದರೆ ಹೆಂಚಿನ ಚಾವಣಿಗೆ ಚದರ ಮೀಟರಿಗೆ 2 ಲೀಟರ್ ಲೆಕ್ಕದಲ್ಲಿ ಡ್ರಮ್ ಇಡಿ, ಕೊಳವೆಯನ್ನು 5 ಮೀಟರಿನಿಂದ ಶುರು ಮಾಡಿ, ಬೇಗ ಖಾಲಿಯಾದರೆ ಉದ್ದ ಹೆಚ್ಚಿಸಿ. ಆರ್‌ಸಿಸಿ ತಾರಸಿಯಲ್ಲಿ ಎಷ್ಟು ಮಿ.ಮೀ. ಹೊರಬಿಟ್ಟರೆ ನೀರು ತಿಳಿಯಾಗುತ್ತದೆ ಎಂದು ಅಳೆದವರಿದ್ದರೆ ದಯವಿಟ್ಟು ತಿಳಿಸಿ, ಮುಂದಿನ ಶಿಬಿರದ ಅಂಗನವಾಡಿ ಕಟ್ಟಡ ತಾರಸಿಯದು.