ಆಂಟಿ ನಮ್ಮ ಕಿವಿ ನೋಡಿದ್ರಾ?

"ಅಮ್ಮಾ, ಆ ಆಂಟಿ ನಮ್ಮ ಬ್ರೀಡ್ ಕೇಳಿದ್ದಾ?"

ಹೋದ ಶನಿವಾರ ಕಾರಿನ ಹಿಂದಿನ ಸೀಟಿನಿಂದ ಮಗಳು ಹೀಗಂದಳು. ಅವಳಿಗಿನ್ನೂ ಒಂಬತ್ತು ವರ್ಷ. ಇವರು ಜೋರಾಗಿ ನಕ್ಕುಬಿಟ್ಟರು. ನನಗೂ ಮೊದಲು ನಗು ಬಂತು. ಆಮೇಲೆ ಯಾಕೋ ಬರಲಿಲ್ಲ.

ಅವಳ ತಲೆಗೆ ಈ ಬ್ರೀಡ್ ಹೊಕ್ಕಿದ್ದು ನಮ್ಮ ಹಿತ್ತಲಿನ ಕೋಳಿಗಳಿಂದ. ನಾವಿರುವುದು ನಾರ್ತ್ ಕೆರೊಲೈನಾದ ರಾಲಿ ಪಕ್ಕದ ಊರಿನಲ್ಲಿ. 2025ರ ಮಾರ್ಚ್‌ನಲ್ಲಿ ಹಕ್ಕಿಜ್ವರದ ದೆಸೆಯಿಂದ ಅಮೆರಿಕದಲ್ಲಿ ಡಜನ್ ಮೊಟ್ಟೆಗೆ ಸರಾಸರಿ ಆರು ಡಾಲರ್ ದಾಟಿತ್ತಲ್ಲ, ಆಗ ಸುಮಾರು ಮನೆಗಳಿಗೆ ಕೋಳಿ ಸಾಕುವ ಹುಚ್ಚು ಹಿಡಿಯಿತು. ನಮಗೂ ಹಿಡಿಯಿತು. ಮೇವಿನ ಅಂಗಡಿಯಲ್ಲಿ ತಗಡಿನ ತೊಟ್ಟಿ, ಮೇಲೆ ಕೆಂಪು ದೀಪ, ಒಳಗೆ ಚಿಂವ್ ಚಿಂವ್. ತೊಟ್ಟಿಗೆ ಅಂಟಿಸಿದ್ದ ಚೀಟಿಯಲ್ಲಿ "ಬೇರೆ ಬೇರೆ ತಳಿ, ಎಲ್ಲಾ ಹೆಣ್ಣು" ಅಂತ ಅಷ್ಟೇ ಇತ್ತು. ಯಾವುದು ಯಾವ ತಳಿ ಅಂದರೆ ಅಂಗಡಿಯ ಹುಡುಗ ಹೆಗಲು ಕುಣಿಸಿದ.

ಗುರುತು ಹಿಡಿಯುವ ಕೆಲಸವನ್ನು ಪಕ್ಕದ ಮನೆ ತಾತ ವಹಿಸಿಕೊಂಡರು. ಹೊಲ, ಕೋಳಿ ನಡುವೆಯೇ ಬೆಳೆದ ಮನುಷ್ಯ. ಮಗಳು ಅವರ ಶಿಷ್ಯೆ. ತಲೆ ಮೇಲೆ ಬಿಳಿ ಬೊಟ್ಟಿದ್ದ ಕಪ್ಪು ಮರಿ ಹಿಡಿದು, "ಇದಕ್ಕೆ ಮುಂದೆ ಪಟ್ಟೆ ಬರುತ್ತೆ ನೋಡ್ತಿರು" ಅಂದರು. ಬಂತು. ಆದರೆ ಪಟ್ಟೆ ಇರುವ ಕೋಳಿಗಳಲ್ಲೂ ಬಗೆ ಬಗೆ. ಜುಟ್ಟು ಗರಗಸದ ಹಾಗೆ ಎದ್ದು ನಿಂತು, ಕಾಲು ಹಳದಿಯಾಗಿದ್ದರೆ ಬಾರ್ಡ್ ಪ್ಲಿಮತ್ ರಾಕ್. ಜುಟ್ಟು ಅಗಲವಾಗಿ ತಲೆಗೆ ಅಂಟಿಕೊಂಡಿದ್ದರೆ ಡೊಮಿನಿಕ್. ಕಾಲು ಬಿಳಿಚಿಕೊಂಡಿದ್ದರೆ ಕುಕೂ ಮರಾನ್ಸ್, ಅದರ ಮೊಟ್ಟೆ ಕಡುಗಂದು. ನಮ್ಮದು ರಾಕ್ ಅಂತ ತೀರ್ಮಾನವಾಯಿತು. ಕೆಂಪು ಕೋಳಿ ರೋಡ್ ಐಲೆಂಡ್ ರೆಡ್. ದಪ್ಪ ದಪ್ಪ ಪುಕ್ಕದ, ಗೋಧಿ ಬಣ್ಣದ ಸಾಧು ಕೋಳಿ ಬಫ್ ಆರ್ಪಿಂಗ್ಟನ್. ಸದಾ ಗಾಬರಿ ಬೀಳುವ ಬಿಳಿಯದು ಲೆಗ್‌ಹಾರ್ನ್.

ಆಮೇಲೆ ಬಂತು ಕಿವಿ ಪಾಠ. ಕೋಳಿಯ ಕಣ್ಣಿನ ಹಿಂದೆ, ಸ್ವಲ್ಪ ಕೆಳಗೆ, ಒಂದು ಸಣ್ಣ ಚರ್ಮದ ತುಣುಕು ಇರುತ್ತೆ. ಚಿಕ್ಕಂದಿನಿಂದ ಕೋಳಿಗಳ ಮಧ್ಯೆಯೇ ಓಡಾಡಿದರೂ ನಾನು ಅದನ್ನು ಗಮನಿಸಿರಲೇ ಇಲ್ಲ. ಅದು ಬಿಳಿಯಾಗಿದ್ದರೆ ಸಾಮಾನ್ಯವಾಗಿ ಬಿಳಿ ಮೊಟ್ಟೆ, ಕೆಂಪಗಿದ್ದರೆ ಕಂದು ಮೊಟ್ಟೆ. ಲೆಗ್‌ಹಾರ್ನ್ ಕಿವಿ ಬಿಳಿ, ಮೊಟ್ಟೆಯೂ ಬಿಳಿ. ಉಳಿದವೂ ಲೆಕ್ಕಕ್ಕೆ ಸರಿಹೊಂದಿದವು. ಒಂದು ಮಾತ್ರ ತಪ್ಪಿಸಿಕೊಂಡಿತು. ಕೆನ್ನೆ ತುಂಬಾ ಗಡ್ಡ, ಹಸಿರು ಮಿಶ್ರಿತ ಬೂದು ಕಾಲು, ಕೆಂಪು ಕಿವಿ. ಇಟ್ಟದ್ದು ಮಾತ್ರ ನೀಲಿ ಮೊಟ್ಟೆ! ಒಡೆದು ನೋಡಿದರೆ ಚಿಪ್ಪಿನ ಒಳಗೂ ನೀಲಿ. ಕಂದು ಮೊಟ್ಟೆ ಹಾಗಲ್ಲ, ಕಂದು ಬಣ್ಣ ಹೊರಗಿನ ಲೇಪ ಅಷ್ಟೆ, ಒಳಗೆ ಬಿಳಿಯೇ.

"ಈಸ್ಟರ್ ಎಗ್ಗರ್. ಇದು ತಳಿಯೇ ಅಲ್ಲ, ಬೆರಕೆ" ಅಂದರು ತಾತ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್‌ನವರು 1874ರಿಂದಲೂ ಯಾವ ತಳಿಯ ಜುಟ್ಟು, ಕಾಲು, ಪುಕ್ಕ ಹೇಗಿರಬೇಕು ಅಂತ ಬರೆದಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಮಗಳು ಮುಖ ಊದಿಸಿಕೊಂಡಳು. ತಾತನೇ ಸಮಾಧಾನ ಮಾಡಿದರು: ರೋಡ್ ಐಲೆಂಡ್ ರೆಡ್ ಕೂಡ ಆಕಾಶದಿಂದ ಉದುರಿದ್ದಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ರೈತರು ಮಲಯದ ಕೆಂಪು ಹುಂಜ, ಶಾಂಘೈ ಕೋಳಿ ಎಲ್ಲಾ ಬೆರೆಸಿ ಮಾಡಿದ್ದು. ಅದೇ 1954ರಲ್ಲಿ ರೋಡ್ ಐಲೆಂಡ್‌ನ ರಾಜ್ಯಪಕ್ಷಿ ಆಯಿತು. ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಕೋಳಿಯಲ್ಲೂ ನಮ್ಮ ಕಡೆಯ ಅಸೀಲ್ ಹುಂಜದ ರಕ್ತ ಇದೆಯಂತೆ, ಇಂಗ್ಲೆಂಡಿನ ಕಾರ್ನಿಶ್ ತಳಿಯ ಮೂಲಕ. ನನಗೆ ಸುಮ್ಮನೆ ಒಂದು ಹೆಮ್ಮೆ.

ಇನ್ನು ಶನಿವಾರದ ಕಥೆ. ಹೊಸದಾಗಿ ಪರಿಚಯವಾದ ಕನ್ನಡದವರ ಮನೆಗೆ ಹೋಗಿದ್ದೆವು. ಬರಿಗೈಲಿ ಹೋಗಬಾರದಲ್ವಾ, ಒಂದು ಡಬ್ಬಿ ಮೊಟ್ಟೆ ಒಯ್ದಿದ್ದೆ. ಮನೆಯಾಕೆ ಡಬ್ಬಿ ತೆರೆದು, "ಅಯ್ಯೋ ಎಷ್ಟು ಚೆನ್ನಾಗಿವೆ!" ಅಂದರು. ಮರುಕ್ಷಣವೇ, "ನೀವು ಮೊಟ್ಟೆ ತಿಂತೀರಾ? ನೋಡಿದ್ರೆ ಹಾಗನ್ನಿಸಲ್ಲ. ನಾವು ಕೇಕ್‌ಗೆ ಮಾತ್ರ ಹಾಕ್ತೀವಿ."

ಆಮೇಲೆ ಕಾಫಿ. ಊರು ಯಾವುದು? ಹಾಸನ. ಹಾಸನದಲ್ಲಿ ಎಲ್ಲಿ? ಚನ್ನರಾಯಪಟ್ಟಣದ ಹತ್ತಿರ. ನಿಮ್ಮ ಯಜಮಾನ್ರ ಕಡೆ? ಅವರ ತಂದೆ ಹೆಸರು? ಮನೆದೇವರು ಯಾವುದು? ಒಂದೊಂದು ಪ್ರಶ್ನೆಗೂ ಒಂದೊಂದು ಕೋಡುಬಳೆ ಮುಂದೆ ಬರುತ್ತಿತ್ತು. ಕೆಟ್ಟ ಹೆಂಗಸೇನಲ್ಲ, ಹೊರಡುವಾಗ ಚಟ್ನಿಪುಡಿ ಕಟ್ಟಿಕೊಟ್ಟರು. ನಮ್ಮ ಕಡೆ ಎಲ್ಲರೂ ಕೇಳುವುದು ಹೀಗೆಯೇ. ನಮಗೆ ಇದು ಪ್ರಶ್ನೆ ಅಂತಲೂ ಅನ್ನಿಸುವುದಿಲ್ಲ. ಆದರೆ ಮೂಲೆಯಲ್ಲಿ ಕೂತ ಮಗಳು ಎಲ್ಲಾ ಕೇಳಿಸಿಕೊಂಡಿದ್ದಾಳೆ.

"ತಾತ ಹೀಗೇ ತಾನೇ ಒಂದೊಂದಾಗಿ ನೋಡೋದು? ಜುಟ್ಟು, ಕಾಲು, ಆಮೇಲೆ ಕಿವಿ. ಆಂಟಿ ನಮ್ಮ ಕಿವಿ ನೋಡಿದ್ರಾ?"

ಆ ರಾತ್ರಿ ನನಗೆ ಅಜ್ಜಿಯ ಹಿತ್ತಲು ನೆನಪಾಯಿತು. ಅಲ್ಲಿ ಕೆಂಪು, ಕಪ್ಪು, ಚುಕ್ಕೆ, ಬೋಳು ಕತ್ತಿನದು, ಎಲ್ಲಾ ಇದ್ದವು. ತಳಿ ಯಾರು ಕೇಳಿದವರು? ಒಂದು ಹೇಟೆ ಕಾವಿಗೆ ಕೂತರೆ ಮಂಕರಿಯಲ್ಲಿ ಹುಲ್ಲು ಹಾಸಿ, ಯಾರ ಯಾರ ಕೋಳಿಯ ಮೊಟ್ಟೆಯನ್ನೋ ಇಟ್ಟು, ಗುಡುಗಿಗೆ ಕೆಡದಿರಲಿ ಅಂತ ಒಂದು ಇದ್ದಿಲು, ಒಂದು ಕಬ್ಬಿಣದ ಚೂರು ಸೇರಿಸುತ್ತಿದ್ದರು. ಮರಿ ಜಾಸ್ತಿಯಾದರೆ ಕೇರಿಯ ಒಬ್ಬಾಕೆಗೆ ಪಾಲಿಗೆ ಕೊಡುತ್ತಿದ್ದರು. ಸಾಕುವುದು ಅವಳು, ಬೆಳೆದ ಮೇಲೆ ಅರ್ಧ ಅವಳಿಗೆ, ಅರ್ಧ ನಮಗೆ. ಹೊಸತೊಡಕಿಗೆ ಅವಳ ಕೈಯಲ್ಲಿ ಕಾಳು ತಿಂದು ಬೆಳೆದ ಹುಂಜವೇ ನಮ್ಮ ಮನೆಯಲ್ಲಿ ಸಾರಾಗುತ್ತಿತ್ತು. ಯಾರಿಗೂ ಮೈಲಿಗೆ ಅನ್ನಿಸಲಿಲ್ಲ. ಅವಳು ಕಾಫಿ ಕುಡಿಯುವ ಲೋಟ ಮಾತ್ರ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು. ಕುಡಿದು, ತೊಳೆದು, ಅವಳೇ ಬೋರಲು ಹಾಕಿ ಹೋಗುತ್ತಿದ್ದಳು. ನನ್ನ ಅಜ್ಜಿ ತುಂಬಾ ಒಳ್ಳೆಯವರು ಅಂತ ಊರೆಲ್ಲಾ ಹೇಳುತ್ತಿತ್ತು. ನಾನೂ ಹೇಳುತ್ತೇನೆ.

ಈಗ ಊರಲ್ಲಿ ಅದೆಲ್ಲಾ ಇಲ್ಲ ಅನ್ನುತ್ತಾರೆ. ಇರಬಹುದು. ಆದರೆ 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಹೊರಟಾಗ ಎಷ್ಟು ಗಲಾಟೆಯಾಯಿತು! ಕೆಲವು ಸ್ವಾಮಿಗಳೂ ಬೇಡವೆಂದರು. ಕೊನೆಗೂ ಮೊಟ್ಟೆ ಬಂತು, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಬಂತು. ಒಂದು ಬೇಯಿಸಿದ ಮೊಟ್ಟೆಯಲ್ಲಿ ಮಗುವಿನ ಹೊಟ್ಟೆಗಿಂತ ಮೊದಲು ಅದರ ಮನೆದೇವರು ಕಾಣಿಸುತ್ತಾರೆ ನಮಗೆ.

ಹಾಗಂತ ಕೋಳಿಗಳಲ್ಲಿ ಮೇಲು ಕೀಳು ಇಲ್ಲ ಅಂತಲ್ಲ. ಇದೆ, ಜೋರಾಗಿಯೇ ಇದೆ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಈ ಸಾಲನ್ನು ಸುಮಾರು ನೂರು ವರ್ಷದ ಹಿಂದೆ ನಾರ್ವೆಯ ಥೊರ್ಲೈಫ್ ಶೆಲ್ಡರುಪ್-ಎಬ್ಬೆ ಕೂತು ನೋಡಿ ಬರೆದಿಟ್ಟ. ನಮ್ಮಲ್ಲಿ ಕತ್ತಲಾಗುವಾಗ ಎತ್ತರದ ಅಡ್ಡಗೋಲಿಗೆ ಕೆಂಪು ಕೋಳಿಯೇ ಮೊದಲು ಹಾರಬೇಕು. ಆದರೆ ಆ ಜಾಗ ಹುಟ್ಟಿನಿಂದ ಬಂದದ್ದಲ್ಲ. ಆರ್ಪಿಂಗ್ಟನ್ ಕಾವಿಗೆ ಕೂತು ಕೆಲವು ವಾರ ಗುಂಪು ಬಿಟ್ಟಿತ್ತು. ಎದ್ದು ಬಂದಾಗ ಅದರ ಜಾಗ ಹೋಗಿತ್ತು. ಕುಕ್ಕಿಸಿಕೊಂಡು, ಕುಕ್ಕಿ, ಮತ್ತೆ ಗಿಟ್ಟಿಸಿಕೊಂಡಿತು. ತಳಿಯೇ ಅಲ್ಲದ ನಮ್ಮ ಗಡ್ಡದ ಕೋಳಿ ಈಗ ಎರಡನೇ ಸ್ಥಾನದಲ್ಲಿದೆ.

ಭಾನುವಾರ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆ. ಕೋಳಿಗಳನ್ನು ತೋರಿಸು ಅಂದರು, ತೋರಿಸಿದೆ.

"ಒಂದೂ ಹುಂಜ ಕಾಣ್ತಿಲ್ವಲ್ಲೇ?"

"ಇಲ್ಲಿ ಹುಂಜ ಸಾಕಂಗಿಲ್ಲಮ್ಮ, ಕೂಗುತ್ತೆ ಅಂತ."

"ಹುಂಜ ಕೂಗದೆ ಇನ್ನೇನು ಬೊಗಳುತ್ತಾ?" ಅಂತ ಅಮೆರಿಕಕ್ಕೆಲ್ಲಾ ಸೇರಿಸಿ ಬೈದರು. ಆಮೇಲೆ ಶನಿವಾರದ ಕಥೆ ಹೇಳಿದೆ. ಮೊಮ್ಮಗಳ ಕಿವಿ ಮಾತಿಗೆ ಬಿದ್ದು ಬಿದ್ದು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ಲಾ ಕಣೇ, ಮನೆಗೆ ಬಂದೋರನ್ನ ಹಾಗೆಲ್ಲಾ ಕೇಳ್ತಾರಾ?" ಅಂದರು.

ಒಂದು ಗಳಿಗೆ ಬಿಟ್ಟು, ದನಿ ಸ್ವಲ್ಪ ಇಳಿಸಿ, "ಅದ್ಸರಿ, ಅವರು ಯಾವ ಜನ?"